ಹಿದಾಯತನ ಎಡಗಾಲು

ಸಿದ್ದಕ್ಕನ ಪೇಟಿಯ ಶ್ರುತಿ ಇಳಿಯುತ್ತಿದೆ ಎಂದು ಬಸಲಿಂಗಪ್ಪ ತೀರ್ಪು ಕೊಟ್ಟಾಗ ಹಿದಾಯತುಲ್ಲಾನ ಎಡಗಾಲು ಇನ್ನೂ ಗಿಟಾರಿನ ಪೆಡಲ್ ಮೇಲೆಯೇ ಇತ್ತು. ಕಳ್ಳಗಾಲು, ಮೆಲ್ಲಗೆ ಹಿಂದೆ ಸರಿಯಿತು.

"ಗಿಟಾರ್ ನೋಡ್ರಿ, ನನ್ನ ದನಿಗೂ ಅದಕ್ಕೂ ಕೂದಲೆಳಿಯಷ್ಟು ಫರಕ ಇಲ್ಲ. ನಿಮ್ಮ ಪೇಟಿ ಮಾತ್ರ ಕೆಳಗ ಕುಂತೈತಿ," ಎಂದ ಬಸಲಿಂಗಪ್ಪ. ಶಿವಬಸವ ನಗರದ ಆ ತಾಲೀಮಿನ ಖೋಲಿಯಲ್ಲಿ ಆರ್ಕೆಸ್ಟ್ರಾದ ಮಾಲೀಕನೂ ಅವನೇ, ಗಾಯಕನೂ ಅವನೇ. ಎದುರಾಡುವ ಎದೆ ಯಾರಿಗಿತ್ತು? "ಸಿದ್ದಕ್ಕಾ, ರವಿವಾರ ಖಾನಾಪುರದ ಮದಿವಿ ಒಂದು ಬಾರಿಸಿಬಿಡ್ರಿ. ಆಮ್ಯಾಲ ಮನ್ಯಾಗ ಆರಾಮ ಇರ್ರಿ."

ಸಿದ್ದಕ್ಕ "ಆತ್ರಿ" ಎಂದು ಹಾರ್ಮೋನಿಯಂ ಮೇಲೆ ಬಟ್ಟೆ ಮುಚ್ಚಿದಳು. ನಾಟಕ ಕಂಪನಿಯಲ್ಲಿ ಹದಿನೆಂಟು ವರ್ಷ ಬಾರಿಸಿದ ಕೈ. ಗಂಡನಿಲ್ಲದ ಮನೆಯ ಒಲೆ ಆ ಪೇಟಿಯಿಂದಲೇ ಉರಿಯುತ್ತಿತ್ತು. ಬಟ್ಟೆಯ ಮೂಲೆಗಳನ್ನು ಎಳೆದೆಳೆದು ಸರಿಮಾಡುವುದನ್ನು ನೋಡಲಾರದೆ ಹಿದಾಯತ ತನ್ನ ಗಿಟಾರಿನ ತಂತಿ ಒರೆಸತೊಡಗಿದ.

ಯಾಕೆಂದರೆ ನಿಜ ಗೊತ್ತಿದ್ದದ್ದು ಅವನಿಗೆ. ಬಸಲಿಂಗಪ್ಪನ ದನಿ ಬೆಲ್ಲ, ಸುಳ್ಳಲ್ಲ. ಆದರೆ ಹುರುಪು ಬಂತೆಂದರೆ ಅವನ ಶ್ರುತಿ ಒಲೆ ಮೇಲಿನ ಹಾಲಿನ ಹಾಗೆ ಮೇಲೇರುತ್ತಿತ್ತು. ಹಿದಾಯತ ಫೌಂಡ್ರಿಯಲ್ಲಿ ಲೇಥ್ ಕೆಲಸದವನು. ಯಾವುದೋ ವಿದೇಶಿ ಪತ್ರಿಕೆಯ ಚಿತ್ರ ನೋಡಿ, ಮೇಜಿನ ಮೇಲೆ ಹತ್ತು ತಂತಿ ಬಿಗಿದು, ಕೆಳಗೆ ಒಂದೇ ಪಾದಕ್ಕೆ ಸಿಗುವಂತೆ ನಾಲ್ಕು ಕಬ್ಬಿಣದ ಪೆಡಲ್ ಕೂಡಿಸಿ, ನಡುವೆ ಸೈಕಲ್ಲಿನ ಬ್ರೇಕ್ ವಾಯರ್ ಎಳೆದು ತಾನೇ ಒಂದು ಗಿಟಾರ್ ಮಾಡಿಕೊಂಡಿದ್ದ. ಒಂದೊಂದೇ ಪೆಡಲ್ ಒತ್ತಿದಂತೆ ತಂತಿ ಇನ್ನಷ್ಟು ಬಿಗಿದು ಸ್ವರ ಏರುತ್ತದೆ, ಕಾಲು ತೆಗೆದರೆ ತನ್ನ ಜಾಗಕ್ಕೆ ಮರಳುತ್ತದೆ. ಹಾಡಿಗೆ ಅಳು, ನಗು ತುಂಬಲು ಮಾಡಿದ ಉಪಾಯ ಅದು. ಈ ಪುಣ್ಯಾತ್ಮ ಅದನ್ನು ಮಾಲೀಕನ ಮೇಲೆ ಪ್ರಯೋಗ ಮಾಡಿದ. ಬಸಲಿಂಗಪ್ಪ ಎಷ್ಟು ಜಾರಿ ಏರುತ್ತಾನೋ ಅಷ್ಟೇ ಒತ್ತುವುದು! ಮಾಲೀಕ ಖುಷ್, ಇವನಿಗೆ ವೇದಿಕೆಯಲ್ಲಿ ಮುಂದಿನ ಜಾಗ. ಇದ್ದಲ್ಲೇ ಇದ್ದ ಪೇಟಿ ಮಾತ್ರ ಇಳಿದಂತೆ ಕೇಳುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಅವನಿಗೆ ಮೊದಲೇ ಗೊತ್ತಿತ್ತು. ಬೆಕ್ಕು ತಾನೇ ಎಂಬುದು ಈಗ ಗೊತ್ತಾಯಿತು.

ರವಿವಾರ ಖಾನಾಪುರಕ್ಕೆ ಹೋಗುವ ಟೆಂಪೋದಲ್ಲಿ ಅವನು ಸಿದ್ದಕ್ಕನ ಬಾಜು ಕುಳಿತ.

"ಅಕ್ಕಾ, ನಿಮ್ಮ ಪೇಟಿ ಇಳದಿಲ್ರಿ. ತಪ್ಪು ನನ್ನ ಕಾಲಿಂದು."

"ಗೊತ್ತೈತಿ. ಹದಿನೆಂಟು ವರ್ಷ ಕಿವಿ ಮುಚ್ಚಿಕೊಂಡು ಬಾರಿಸೇನೇನು?"

"ಮತ್ತ ಮಾಲಕರಿಗೆ ಹೇಳಬೇಕಿತ್ತಲ್ರಿ!"

"ಹಾಡಾವರಿಗೆ 'ನೀವು ಬೇಸೂರ' ಅಂತ ಸಾಥ್ ಮಾಡಾವರು ಬಾಯಿ ಬಿಟ್ಟು ಹೇಳಬಾರದೋ ತಮ್ಮಾ. ನಮ್ಮ ಕಂಪನ್ಯಾಗ ಅದು ಕಟ್ಟಳಿ."

ಹಿದಾಯತ ತನ್ನ ಎಡಗಾಲನ್ನು ನೋಡಿಕೊಂಡ. "ಬಾಯಿಲೆ ಹೇಳಬಾರದು. ಕಾಲಿಲೆ ಹೇಳಿದ್ರ?"

ಸಿದ್ದಕ್ಕ ಕಿಟಕಿಯ ಹೊರಗೆ ನೋಡಿದಳು. ಬೇಡ ಅಂತೂ ಅನ್ನಲಿಲ್ಲ.

ಅಕ್ಷತೆ ಬಿದ್ದು ಊಟದ ಪಂಕ್ತಿ ಕೂತಿತ್ತು. ಬಸಲಿಂಗಪ್ಪ ಎರಡನೆಯ ಹಾಡಿಗೇ ಹುರುಪಿಗೆ ಬಂದ. ಶ್ರುತಿ ಮೆಲ್ಲಗೆ ಮೇಲೆದ್ದಿತು. ಹಿದಾಯತ ಈ ಸಲ ಆ ದನಿಯ ಹಿಂದೆ ಹೋಗಲಿಲ್ಲ, ಮುಂದೆ ಹೋದ. ಮೊದಲ ಪೆಡಲ್ ಒತ್ತಿದ. ಗಿಟಾರ್ ಎಂದೂ ತಪ್ಪುವುದಿಲ್ಲವೆಂದು ತಾನೇ ಸಾರಿದ ಬಸಲಿಂಗಪ್ಪ ಅದನ್ನು ಹಿಡಿಯಲು ಏರಿದ. ಎರಡನೆಯದು. ಅಲ್ಲಿಗೂ ಬಂದ. ಮೂರನೆಯದಕ್ಕೆ ಕತ್ತಿನ ನರ ಉಬ್ಬಿದವು. ಬಡಿಸುವವರು ಜಿಲೇಬಿ ಬುಟ್ಟಿ ಹಿಡಿದು ನಿಂತೇ ಬಿಟ್ಟರು. ನಾಲ್ಕನೆಯ ಪೆಡಲ್ಲಿಗೆ ದನಿ ಒಡೆದು, ಮರಿಹುಂಜ ಕೂಗಿದಂಥ ಒಂದು ಸದ್ದು ಮೈಕಿನಿಂದ ಹೊರಟು ಚಪ್ಪರವನ್ನೆಲ್ಲ ಸುತ್ತಿತು.

ಆಮೇಲೆ ಸದ್ದಿಲ್ಲ. ಪೇಟಿ ಮಾತ್ರ ಹಾಡು ಶುರುವಾದಾಗಿನ ಷಡ್ಜವನ್ನೇ ಹಿಡಿದು ನುಡಿಯುತ್ತಿತ್ತು. ಹಿದಾಯತ ತಂತಿ ಮೀಟಿ, ಒಂದೊಂದೇ ಪೆಡಲ್ಲಿನಿಂದ ಕಾಲು ತೆಗೆದ. ಗಿಟಾರ್ ಅಳುತ್ತ ಅಳುತ್ತ ಇಳಿದು ಬಂದು ಸಿದ್ದಕ್ಕನ ಷಡ್ಜದ ಮೇಲೆ ಸರಿಯಾಗಿ ಕೂತಿತು. ಮಾಲೀಕ ಎಲ್ಲಿಂದ ಎಲ್ಲಿಗೆ ಹೋಗಿದ್ದನೆಂಬುದು ಅನ್ನ ಕಲಸುತ್ತಿದ್ದವರಿಗೂ ಕೇಳಿಸಿತು.

"ಯಾರ ಎಲ್ಲಿ ಹೋದ್ರೂ ಪೇಟಿ ಜಾಗಾ ಬಿಡಲಿಲ್ಲ ನೋಡ್ರಿ! ಶಾಬ್ಬಾಸ್ ಬಾಯೀ!" ಎಂದು ಬೀಗರ ಕಡೆಯ ಮುದುಕರೊಬ್ಬರು ಎಂಜಲು ಕೈಯನ್ನೇ ಎತ್ತಿದರು. ಸಿದ್ದಕ್ಕ ತಲೆ ತಗ್ಗಿಸಿದಳು. ಹಿದಾಯತನಿಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು.

ಸಂತೋಷ ಚಪ್ಪರದ ಹಿಂದೆ ಸಾಮಾನು ಕಟ್ಟುವವರೆಗೆ ಮಾತ್ರ. ಬಸಲಿಂಗಪ್ಪನ ಮುಖ ಕೆಂಡವಾಗಿತ್ತು.

"ಹಿದಾಯತ, ನಿಂದೂ ನಂದೂ ಇವತ್ತಿಗೆ ಮುಗೀತು. ನಿನ್ನ ಬ್ರೇಕ್ ವಾಯರ್ ಬಿಚ್ಚಿಕೊಂಡು ನಡಿ."

ಆ ಗಿಟಾರನ್ನು ಇನ್ನಾರು ವೇದಿಕೆ ಹತ್ತಿಸುತ್ತಾರೆ? ಹಿದಾಯತ ಮೊಣಕಾಲೂರಿ ಪೆಡಲ್ಲಿನ ನಟ್ಟು ಬಿಚ್ಚಲು ಪಾನಾ ಹಚ್ಚಿದ.

"ಅಂವ ಇರಲಿ ಬಿಡ್ರಿ ಮಾಲಕರ," ಎಂದಳು ಸಿದ್ದಕ್ಕ, ಪೇಟಿಯ ಮೇಲೆ ಬಟ್ಟೆ ಹೊದಿಸುತ್ತ. "ನೀವು ಏರಿದಾಗ ಜೋಡಿ ಏರಾಕ ಒಬ್ಬಾಂವ ಬೇಕು. ಕೆಳಗ ನಿಚ್ಚಣಿಕಿ ಹಿಡಕೊಂಡು ನಿಂದರಾಕ ನಾ ಇರತೀನಲ್ರಿ."