ಹೊಸದು ಹೊಸದಾಗೇ ಇರಲಿ

ಕಂಪ್ಯೂಟರ್ ಮೂರನೇ ಸಲ ತಾನಾಗಿಯೇ ಆರಿಹೋದಾಗ ಮಗಳು ತಲೆ ಮೇಲೆ ಕೈಹೊತ್ತು ಕೂತಳು. ಗಂಟೆ ಮೂರೂಕಾಲು. ಎಂಟು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಮಾಡಿದ ಅವಳ ನಾಲ್ಕು ನಿಮಿಷದ ಕಾರ್ಟೂನ್ ಸಿನಿಮಾ ಐದರೊಳಗೆ ಸ್ಟುಡಿಯೋ ಸೇರಬೇಕಿತ್ತು. ಸೇರಿದರೆ ಅಲ್ಲೇ ಕೆಲಸ ಸಿಗುವ ಆಸೆ. ಚಿತ್ರಗಳನ್ನೆಲ್ಲ ಜೋಡಿಸಿ ಸಿನಿಮಾ ಮಾಡಿಕೊಡುವ ಕೊನೆಯ ಕೆಲಸ ಬೇಗ ಮುಗಿಯಲೆಂದು ಕಂಪ್ಯೂಟರಿನ ಪ್ರೊಸೆಸರನ್ನು ಮಾಮೂಲಿಗಿಂತ ಜೋರಾಗಿ ಓಡಿಸುತ್ತಿದ್ದಳು. ಅದೋ, ಐದು ನಿಮಿಷ ಓಡಿ, ಕೆಂಡವಾಗಿ ಮಲಗಿಬಿಡುತ್ತಿತ್ತು.

"ಎಷ್ಟಿತ್ತೇ?" ಎಂದರು ಅಮ್ಮ, ಸೋಫಾದಿಂದಲೇ. ಅವರು ಆಸ್ಪತ್ರೆಯಲ್ಲಿ ನರ್ಸ್.

"ತೊಂಬತ್ತೆಂಟು ಡಿಗ್ರಿ!"

"ಮತ್ಯಾಕೆ ಗಾಬರಿ? ಜ್ವರಾನೇ ಇಲ್ವಲ್ಲ."

"ಅಮ್ಮಾ, ಇದು ಆ ಡಿಗ್ರಿ ಅಲ್ಲ. ಇನ್ನೆರಡು ಏರಿದ್ರೆ ನೀರು ಕುದಿಯುತ್ತೆ!"

ಅಪ್ಪ ಟೇಬಲ್ ಫ್ಯಾನನ್ನು ಕೂಸಿನಂತೆ ಎತ್ತಿಕೊಂಡು, ತೆರೆದ ಕಂಪ್ಯೂಟರಿಗೆ ಗಾಳಿ ಹಿಡಿದು ನಿಂತಿದ್ದರು. ಮೊನ್ನೆ ಪ್ರೊಸೆಸರಿನ ಮೇಲೆ, ಅದನ್ನು ತಣ್ಣಗಿಡುವ ಹೊಸ ಕೂಲರ್ ಕೂರಿಸಿದ್ದೂ ಅವರೇ. ಮನೆಯಲ್ಲಿ ಎಲೆಕ್ಟ್ರಿಷಿಯನ್ ಇರುವಾಗ ಮಗಳು ಸ್ಕ್ರೂಡ್ರೈವರ್ ಹಿಡಿಯುವುದೇ? ಮುಟ್ಟಲೂ ಬಿಟ್ಟಿರಲಿಲ್ಲ.

ಅಮ್ಮ ನೋಡಲೆಂದು ಎದ್ದರು. ಸೋಫಾ ಚರಪರ ಎಂದಿತು. ಕೊಂಡು ಹನ್ನೊಂದು ವರ್ಷವಾದರೂ ಅದರ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಫ್ರಿಜ್ಜಿನ ಬಾಗಿಲಿಗೂ ಅದೇ ಗತಿ, ಟಿವಿ ರಿಮೋಟಿಗೂ ಅದೇ. ಹೊಸದು ಹೊಸದಾಗೇ ಇರಲಿ, ಯಾರಾದರೂ ದೊಡ್ಡವರು ಬಂದ ದಿನ ತೆಗೆಯೋಣ ಎನ್ನುವುದು ಅಪ್ಪನ ಕಾಯಂ ಮಾತು. ಅಮ್ಮ ಸೋಫಾ ನೋಡಿದರು, ಗಂಡನ ಮುಖ ನೋಡಿದರು.

"ರೀ, ಆ ಕೂಲರಿಗೂ ಪ್ಲಾಸ್ಟಿಕ್ ಇತ್ತಾ?"

"ಇತ್ತು... ಕೆಳಗಡೆ, ತಾಮ್ರದ ಮೇಲೆ. ಗೀರು ಬೀಳಬಾರ್ದು ಅಂತ ಹಾಗೇ ಬಿಟ್ಟೆ."

"ಅಪ್ಪಾ! ಬಿಸಿ ಹೋಗೋದೇ ಆ ತಾಮ್ರದಿಂದ!"

ಅಪ್ಪನ ಮುಖ ಸಪ್ಪಗಾಯಿತು. ಮಗಳು ಕೂಲರ್ ಬಿಚ್ಚಿದಳು. ಸುಕ್ಕಾಗಿ ಮೆತ್ತಿಕೊಂಡಿದ್ದ ತೆಳು ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತು, ಒರೆಸಿ, ಬಿಸಿ ದಾಟಿಸುವ ಹೊಸ ಪೇಸ್ಟ್ ಹಚ್ಚಿ ಕೂರಿಸಿದಳು. ಮೂವರೂ ಉಸಿರು ಬಿಗಿಹಿಡಿದು ಪರದೆಯ ಮೇಲಿನ ಅಂಕಿ ನೋಡಿದರು. ಐವತ್ತೆಂಟು. ಅರವತ್ತೊಂದು. ಅರವತ್ತನಾಲ್ಕಕ್ಕೆ ಬಂದು ಅಲ್ಲೇ ನಿಂತಿತು. ಅಮ್ಮ ಚಪ್ಪಾಳೆಯನ್ನೇ ತಟ್ಟಿಬಿಟ್ಟರು.

ಐದಕ್ಕೆ ಆರು ನಿಮಿಷ ಇರುವಾಗ ಸಿನಿಮಾ ಸ್ಟುಡಿಯೋಗೆ ಹೋಯಿತು. ಮಗಳು ಖುಷಿಯಿಂದ ಕುಣಿಯುತ್ತ ಎದ್ದು ತಿರುಗಿದರೆ, ಅಪ್ಪ ಮಂಡಿಯೂರಿ ಸೋಫಾದ ಪ್ಲಾಸ್ಟಿಕ್ ಕತ್ತರಿಸುತ್ತಿದ್ದರು. ಒಳಗಿನಿಂದ ದಾಳಿಂಬೆ ಕೆಂಪು ಇಣುಕುತ್ತಿತ್ತು.

"ಇದೇನ್ರೀ ಇದು! ಯಾರು ಬರ್ತಿದಾರೆ?" ಎಂದರು ಅಮ್ಮ.

ಅಪ್ಪ ಕೊನೆಯ ತುಂಡನ್ನು ಎಳೆದು ಬಿಸಾಕಿ, ಮಗಳ ಕಡೆ ತಿರುಗಿ, ಬರಿಯ ಬಟ್ಟೆಯನ್ನು ಅಂಗೈಯಿಂದ ತಟ್ಟಿದರು.

"ಬಾರಮ್ಮ, ಮೊದಲು ನೀನು ಕೂತ್ಕೋ."

ಅವಳು ಕೂತಳು. ಸೋಫಾ ಸದ್ದೇ ಮಾಡಲಿಲ್ಲ.