ಎಡಗಾಲಿನ ಬೂಟು

ಮುದುಕಿ ಕದಿಯಲೆಂದೇ ಬಂದಿದ್ದಳು. ಮುರಿದ ಕಿಟಕಿಯಿಂದ ಹಾಳು ಬಂಗಲೆಯೊಳಗೆ ಒಂದು ಕಾಲಿಟ್ಟಳು.

"ಹುಷಾರಮ್ಮಾ, ಗಾಜಿದೆ," ಎಂದು ಫೋಟೋಗ್ರಾಫರ್ ಕೈ ಕೊಟ್ಟ. ತಲೆ ನರೆಯತೊಡಗಿದ ಗಂಭೀರ ಮನುಷ್ಯ. ಊರಾಚೆ ಪಾಳು ಬಿದ್ದ ಹಳೆಯ ಕಟ್ಟಡಗಳನ್ನು ಹುಡುಕಿ ಚಿತ್ರ ತೆಗೆಯುವುದು ಅವನ ಹುಚ್ಚು. ತಿಂಗಳಿಗೊಮ್ಮೆ ಆಸಕ್ತರನ್ನು ಗುಂಪು ಕಟ್ಟಿಕೊಂಡು ಹೊರಡುತ್ತಿದ್ದ. ಈ ಸಲ ಐದು ಜನ. ನಾಲ್ವರು ಎಳೆಯರು. ಐದನೆಯವಳು, ಬೂಟಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹೊಲಿಗೆ ಹಾಕಿ ಸೊಂಟ ಕಳೆದುಕೊಂಡ ಈಕೆ.

"ನಮ್ಮದು ಒಂದೇ ನಿಯಮ," ಎಂದ. "ಇಲ್ಲಿಂದ ಏನೂ ತಗೊಂಡು ಹೋಗೋ ಹಾಗಿಲ್ಲ. ಹೊರಗಿಂದ ಏನೂ ತಂದು ಇಡೋ ಹಾಗೂ ಇಲ್ಲ." ಎರಡನೆಯ ಮಾತು ಹೇಳುವಾಗ ಯಾಕೋ ಅವನ ದನಿ ಇಳಿಯಿತು.

ಮುದುಕಿ ಅದನ್ನು ಗಮನಿಸಲಿಲ್ಲ. ಮೊದಲನೆಯ ಮಾತೇ ಅವಳ ಮೈಗೆ ಚುಚ್ಚಿತ್ತು.

ಬೆಳಿಗ್ಗೆ ವ್ಯಾನಿನಲ್ಲಿ ಅವನು ಪ್ರತಿಯೊಬ್ಬರನ್ನೂ ಕೇಳಿದ್ದ: ನನ್ನ ಯಾವ ಫೋಟೋ ನೋಡಿ ಬಂದ್ರಿ? "ಮೆಟ್ಟಿಲಿಂದು," ಎಂದು ಅವಳು ಸುಳ್ಳು ಬಿಟ್ಟಿದ್ದಳು. ಅವನ ಮುಖ ಚಿಕ್ಕದಾಗಿತ್ತು. ಸುಳ್ಳು ಸಿಕ್ಕಿಬಿತ್ತೇನೋ ಎಂದು ಅವಳು ದಾರಿಯುದ್ದಕ್ಕೂ ಬೆವತಿದ್ದಳು.

ಅವಳು ನೋಡಿದ್ದೇ ಬೇರೆ. ಮೊಮ್ಮಗಳ ಮೊಬೈಲಿನಲ್ಲಿ ಕಂಡಿದ್ದು ಇದೇ ಬಂಗಲೆಯ ಮಹಡಿಯ ಕೋಣೆ. ಸುಣ್ಣ ಉದುರಿದ ಗೋಡೆ, ನೆಲದ ತುಂಬ ಪಾರಿವಾಳದ ಹಿಕ್ಕೆ, ಮೂಲೆಯಲ್ಲಿ ಮಗುವಿನ ಒಂದೇ ಒಂದು ಬೂಟು. ಎಡಗಾಲಿನದು. ಧೂಳಿಲ್ಲದ ಕಪ್ಪು ಚರ್ಮ, ಅದಕ್ಕೆ ಕೆಂಪು ದಾರದ ಹೊಲಿಗೆ. ಅವತ್ತು ಕಾರ್ಖಾನೆಯಲ್ಲಿ ಕಪ್ಪು ದಾರ ಮುಗಿದಿತ್ತು. ಬಿಸಾಡುವ ಚೂರುಗಳನ್ನು ಜೋಡಿಸಿ, ಊಟದ ಬಿಡುವಿನಲ್ಲಿ, ಮೂರು ವರ್ಷದ ಮಗನಿಗೆ ಅವಳೇ ಹೊಲಿದ ಬೂಟು ಅದು.

ಅದನ್ನು ತೊಡಿಸಿಯೇ ಅವನನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿದ್ದಳು. ಬಿಸ್ಕತ್ತು ತರುತ್ತೇನೆ ಎಂದು ಹೇಳಿ ಹೋದವಳು ತಿರುಗಿ ನೋಡಲಿಲ್ಲ. ಎರಡನೆಯ ಗಂಡ, ನೀನೊಬ್ಬಳೇ ಆದರೆ ಬಾ ಎಂದಿದ್ದ. ನಲವತ್ತೆರಡು ವರ್ಷವಾಯಿತು. ಆ ಪಾಪವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡಳು, ಮಲಗಿದಳು, ಇನ್ನಿಬ್ಬರನ್ನು ಹೆತ್ತಳು. ಅವರಿಗೆ ಬೂಟು ಹೊಲಿಯಲು ಕೈ ಬರಲಿಲ್ಲ.

ಮಗು ಈ ಹಾಳು ಕೊಂಪೆಗೆ ಹೇಗೆ ಬಂತು? ಯಾರು ತಂದರು? ಇಲ್ಲೇ ಕಣ್ಣು ಮುಚ್ಚಿತೇ? ಮಗನಂತೂ ಇಲ್ಲ, ಬೂಟನ್ನಾದರೂ ಮನೆಗೆ ಒಯ್ಯಬೇಕು ಎಂದು ಅವಳು ಹಟ ಹಿಡಿದಿದ್ದಳು.

ಉಳಿದವರು ಅಡುಗೆಮನೆಯ ದೊಡ್ಡ ಒಲೆಯ ಮುಂದೆ ಬೆರಗಾಗಿ ನಿಂತಿದ್ದಾಗ ಮೆಲ್ಲಗೆ ಮಹಡಿ ಹತ್ತಿದಳು. ಅದೇ ಕೋಣೆ, ಅದೇ ಗೋಡೆ. ಮೂಲೆ ಮಾತ್ರ ಖಾಲಿ. ಮಂಡಿಯೂರಿ ಹಿಕ್ಕೆಯನ್ನೆಲ್ಲ ಬರಿಗೈಯಲ್ಲಿ ಕೆದಕಿದಳು.

"ಏನಮ್ಮಾ ಹುಡುಕ್ತಿದ್ದೀರಾ?"

ಬಾಗಿಲಲ್ಲಿ ಫೋಟೋಗ್ರಾಫರ್ ನಿಂತಿದ್ದ. ಇನ್ನು ಸುಳ್ಳು ಹೇಳುವ ಶಕ್ತಿ ಅವಳಿಗಿರಲಿಲ್ಲ.

"ಬೂಟು ಕಣಪ್ಪಾ. ಕದಿಯೋಕೆ ಬಂದೆ. ಬೇಕಾದ್ರೆ ಪೊಲೀಸರಿಗೆ ಕೊಡು. ಅದು ನನ್ನ ಮಗಂದು. ಹೊಲಿದೋಳೂ ನಾನೇ, ಮಗೂನ ಬಿಟ್ಟು ಓಡಿಹೋದೋಳೂ ನಾನೇ. ಬದುಕಿದ್ರೆ ಅವನಿಗೆ ನಿನ್ನಷ್ಟೇ ವಯಸ್ಸು."

ಅವನು ಬಂದು ಅವಳ ಎದುರು ನೆಲದ ಮೇಲೆ ಕುಳಿತ. ಕ್ಯಾಮೆರಾ ಚೀಲದ ತಳಕ್ಕೆ ಕೈ ಹಾಕಿ, ಬಟ್ಟೆಯ ಗಂಟೊಂದನ್ನು ತೆಗೆದು, ಬಿಚ್ಚಿ ಅವಳ ಮಡಿಲಲ್ಲಿಟ್ಟ. ಅದರಲ್ಲಿ ಕೆಂಪು ದಾರದ ಬೂಟುಗಳಿದ್ದವು. ಎಡಗಾಲಿನದು, ಬಲಗಾಲಿನದು, ಎರಡೂ.

"ಹನ್ನೊಂದು ವರ್ಷದಿಂದ, ಹೋದ ಹೋದ ಕಡೆಯಲ್ಲೆಲ್ಲ ಇದರಲ್ಲಿ ಒಂದನ್ನ ನಾನೇ ಇಟ್ಟು ಫೋಟೋ ತೆಗೀತಿದ್ದೀನಿ," ಎಂದ. "ಹೊಲಿದೋರು ಯಾವತ್ತಾದ್ರೂ ಗುರುತು ಹಿಡೀತಾರೆ ಅಂತ."

ಮುದುಕಿ ತಲೆ ಎತ್ತಿದಳು.

"ಬಸ್ ಸ್ಟ್ಯಾಂಡ್ ಬೆಂಚಿನ ಮೇಲೆ ಸಿಕ್ಕಾಗ ನನ್ನ ಕಾಲಲ್ಲಿ ಇದ್ದದ್ದು ಇವೇ ಅಂತೆ."