ತಾತ ಸೆರೆ ಸಿಕ್ಕಿದ್ದು

ಒಣಕೊಬ್ಬರಿಯ ವಾಸನೆ ಬಂದರೆ ಇಂದಿಗೂ ಆ ಮಧ್ಯಾಹ್ನ ನೆನಪಾಗುತ್ತದೆ.

ಯುದ್ಧದಲ್ಲಿ ಸೆರೆ ಸಿಕ್ಕು, ಬಿಡುಗಡೆಯಾಗಿ ಬಂದ ತಾತ ದಂಡಿನಶಿವರದಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದರು. ಊರವರು ಬೆನ್ನ ಹಿಂದೆ "ಕೈಯೆತ್ತಿ ನಿಂತೋನು" ಎಂದು ನಗುತ್ತಿದ್ದರು. ಕೇಳಿದರೆ ತಾತ, "ಸಿಕ್ಕಾಕ್ಕಂಡೆ ಕಣಪ್ಪ, ಬುಡು" ಎನ್ನುತ್ತಿದ್ದರು, ಅಷ್ಟೇ.

ಅಂದು ತಾತ ತೋಟಕ್ಕೆ ಹೋಗಿದ್ದರು. ಅಜ್ಜಿಯೂ ನಾನೂ ನಡುಮನೆಯಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದಾಗ ಊರುಗೋಲಿನ ಮುದುಕರೊಬ್ಬರು ಬಂದರು. ತಾತನ ಜೊತೆ ಸೈನ್ಯದಲ್ಲಿದ್ದವರಂತೆ.

"ನಮ್ಮನೆಯೋರು ಹೆಂಗೆ ಸಿಕ್ಕಾಕ್ಕಂಡ್ರು, ನಿಮಗಾದ್ರೂ ಗೊತ್ತಾ?" ಅಜ್ಜಿ ಕೇಳಿದರು.

"ಹೇಳೇ ಇಲ್ವೇನಮ್ಮ? ನನ್ನ ಕಾಲಿಗೆ ಗುಂಡು ಬಿದ್ದಿತ್ತು. ನೀನು ಓಡೋಗು ಅಂದೆ. ನನ್ನ ಬುಟ್ಟು ಹೋಗಲಿಲ್ಲ. ಇಬ್ಬರನ್ನೂ ಹಿಡಕಂಡೋದ್ರು."

ಅಜ್ಜಿ ಸೆರಗಿಗೆ ಕೈಯೊರೆಸಿಕೊಂಡು ಎದ್ದರು. ಬೀದಿಬಾಗಿಲನ್ನು ಪೂರ್ತಿ ತೆರೆದು, "ಇನ್ನೊಂದ್ಸಲ ಹೇಳಿ" ಎಂದರು. "ಒಸಿ ಜೋರಾಗಿ ಹೇಳಿ."